ಅರ್ಧ ಸಾರು, ಅರ್ಧ ಪಾಯಸ

ಪಿಸಿಯಲ್ಲಿ ಗೇಮ್ ಆಡುವವರಲ್ಲಿ ಎರಡು ಪಂಗಡ. ಆಟ ಆಡುವವರು ಒಂದು. ಪರದೆಯ ಮೂಲೆಯಲ್ಲಿ ಕುಣಿಯುವ, ಸೆಕೆಂಡಿಗೆ ಎಷ್ಟು ಫ್ರೇಮ್ ಅಂತ ಹೇಳುವ ಎಫ್‌ಪಿಎಸ್ ಅಂಕಿ ನೋಡುತ್ತ ಕೂರುವವರು ಇನ್ನೊಂದು. ಎರಡನೆಯವರ ದಂಡೇ ದೊಡ್ಡದು ಅಂತ ನನ್ನ ಗುಮಾನಿ. ಎದುರಿಗೆ ಡ್ರಾಗನ್ ಬೆಂಕಿ ಉಗುಳುತ್ತಿದ್ದರೂ ಇವರ ಕಣ್ಣು ಮೂಲೆ ಬಿಟ್ಟು ಕದಲುವುದಿಲ್ಲ. ಸತ್ತರೆ ಸತ್ತದ್ದಕ್ಕೆ ದುಃಖವಿಲ್ಲ. 58ರಲ್ಲಿ ಸತ್ತೆನಲ್ಲ, 60 ಇರಬಾರದಿತ್ತೇ ಅನ್ನುವುದೇ ಕೊರಗು.

ನಮ್ಮ ಅಕ್ಕನ ಮಗ ಆ ಪಂಗಡದ ಕಟ್ಟಾಳು. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳನ್ನೆಲ್ಲ ಸುತ್ತಿ, ಚೌಕಾಸಿ ಮಾಡಿ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹೊತ್ತು ತಂದ. ಮೂಲೆಯ ಅಂಕಿ ನೂರು ದಾಟಿತು, ಇವನ ಎದೆ ಉಬ್ಬಿತು. ಮರುದಿನವೇ ಮುಖ ಹುಳ್ಳಗೆ. “ಮಾಮ, ಇಲ್ನೋಡು, ತಿರುಗಿದ ತಕ್ಷಣ ಕಂಬ ತುಂಡಾಗತ್ತೆ!” ನೋಡಿದೆ. ನಿಜ, ಕಂಬದ ಮೇಲರ್ಧ ಒಂದು ಕಡೆ, ಕೆಳಗರ್ಧ ಗೇಣುದ್ದ ಪಕ್ಕಕ್ಕೆ. “ಕಾರ್ಡು ಚೆನ್ನಾಗಿಯೇ ಇದೆ ಕಣೋ, ನಿನ್ನ ಮಾನಿಟರಿಗೂ ಅದಕ್ಕೂ ಮಾತುಕತೆ ಇಲ್ಲ, ಅಷ್ಟೇ” ಅಂದೆ. ಅವನು ನನ್ನನ್ನೇ ರಿಪೇರಿಗೆ ಕಳಿಸುವವನ ಹಾಗೆ ನೋಡಿದ.

ಸಂಗತಿ ಇಷ್ಟು. 60 ಹರ್ಟ್ಜ್ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತದೆ. ಒಂದು ಸುತ್ತಿಗೆ 16.7 ಮಿಲಿಸೆಕೆಂಡು. ಅದನ್ನೂ ಒಂದೇಟಿಗೆ ಬರೆಯುವುದಿಲ್ಲ, ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಈ ಶಿಸ್ತಿನ ಗೊಡವೆಯೇ ಇಲ್ಲ. ದೃಶ್ಯ ಸುಲಭವಿದ್ದರೆ ಒಂಬತ್ತು ಮಿಲಿಸೆಕೆಂಡಿನಲ್ಲಿ ಫ್ರೇಮ್ ರೆಡಿ, ಹೊಗೆ-ಸ್ಫೋಟವಿದ್ದರೆ ಇಪ್ಪತ್ತೈದು. ಆದದ್ದೇ ತಡ, ಎಸೆದುಬಿಡುತ್ತದೆ.

ಮದುವೆಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಬಡಿಸುವವನು ಸಾರಿನ ಬಕೆಟ್ ಹಿಡಿದು ಈ ತುದಿಯಿಂದ ಹೊರಟಿದ್ದಾನೆ. ನಡುಪಂಕ್ತಿಗೆ ಬರುವಷ್ಟರಲ್ಲಿ ಭಟ್ಟರು ಓಡಿಬಂದು ಅದನ್ನು ಕಿತ್ತುಕೊಂಡು ಪಾಯಸದ ಬಕೆಟ್ ಕೈಗಿಡುತ್ತಾರೆ. ಅವನು ನಿಲ್ಲುವ ಹಾಗಿಲ್ಲ, ನಿಂತಲ್ಲಿಂದಲೇ ಪಾಯಸ ಸುರಿಯುತ್ತ ನಡೆದ. ಅರ್ಧ ಪಂಕ್ತಿಗೆ ಸಾರು, ಉಳಿದರ್ಧಕ್ಕೆ ಪಾಯಸ. ಬಡಿಸುವವನು ಮಾನಿಟರ್, ಭಟ್ಟರು ಗ್ರಾಫಿಕ್ಸ್ ಕಾರ್ಡ್ ಅಂದುಕೊಳ್ಳಿ, ಇದೇ ಸ್ಕ್ರೀನ್ ಟೇರಿಂಗ್. ಭಟ್ಟರು ಚುರುಕಾಗಿದ್ದರೇ ಹೀಗೆ ಅಂತಲ್ಲ, ನಿಧಾನದವರಾದರೂ ನಡುವೆ ನುಗ್ಗಿದರೆ ಇದೇ ಕಥೆ.

ವಿ-ಸಿಂಕ್ ಅಂದರೆ ಭಟ್ಟರಿಗೆ ಹಾಕಿದ ಕಟ್ಟಳೆ: ಬಕೆಟ್ ಬದಲಿಸುವುದಾದರೆ ಪಂಕ್ತಿ ಮುಗಿದು ಬಡಿಸುವವನು ಮೊದಲ ಎಲೆಗೆ ವಾಪಸ್ ಹೋಗುವಾಗ ಮಾತ್ರ. ಹಳೆಯ ಡಬ್ಬಾ ಮಾನಿಟರುಗಳಲ್ಲಿ ಎಲೆಕ್ಟ್ರಾನ್ ಕಿರಣ ತಳ ಮುಟ್ಟಿ ಮತ್ತೆ ಮೇಲಕ್ಕೆ ಹಾರಲು ಹಿಡಿಯುತ್ತಿದ್ದ ಬಿಡುವದು. ಡಬ್ಬಾ ಹೋಗಿ ಚಪ್ಪಟೆ ಬಂದರೂ ಬಿಡುವು ಉಳಿದಿದೆ. ಕಂಬ ನೆಟ್ಟಗಾಯಿತು. ಆದರೆ ಪಾಯಸ 16.7ರ ಬದಲು 17 ಮಿಲಿಸೆಕೆಂಡಿಗೆ ಇಳಿಯಿತೆನ್ನಿ. ಬಡಿಸುವವನು ಕಾಯುವುದಿಲ್ಲ, ಅದೇ ಸಾರು ಹಿಡಿದು ಇನ್ನೊಂದು ಸುತ್ತು ಹೊರಟ. ಪ್ರತಿ ಸಲವೂ ಹೀಗೇ ಕೂದಲೆಳೆ ತಡವಾದರೆ ಮೂಲೆಯ 60 ದಿಢೀರನೆ 30. ಅಡುಗೆಮನೆಯಲ್ಲಿ ಪಾತ್ರೆ ಎರಡೇ ಇದ್ದಾಗಿನ ಪಾಡಿದು. ಮೂರನೆಯದನ್ನು ಕೊಟ್ಟು ಭಟ್ಟರ ಕೈ ಖಾಲಿ ಕೂರದಂತೆ ನೋಡಿಕೊಳ್ಳುವುದಕ್ಕೆ ಟ್ರಿಪಲ್ ಬಫರಿಂಗ್ ಅನ್ನುತ್ತಾರೆ.

ಇಷ್ಟಾದರೂ ಫ್ರೇಮ್ ಸಾಲಿನಲ್ಲಿ ಕಾಯುವುದು ತಪ್ಪಲಿಲ್ಲವಲ್ಲ. ಮೌಸ್ ಒತ್ತಿದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಜಿಗುಟು. ಅದಕ್ಕೇ ಕೌಂಟರ್-ಸ್ಟ್ರೈಕ್ ಶೂರರು ವಿ-ಸಿಂಕ್ ಹೆಸರೆತ್ತಿದರೆ ಸಿಡುಕುತ್ತಾರೆ. ಕಂಬ ಹರಿದರೆ ಹರಿಯಲಿ, ಎದುರಾಳಿ ಮೊದಲು ಉರುಳಬೇಕು. ಸರಿಯೇ. ಕಾಡು-ಬೆಟ್ಟ ನೋಡುತ್ತ ಒಬ್ಬನೇ ಅಲೆಯುವ ಆಟದಲ್ಲೂ ಅದನ್ನು ಆಫ್ ಮಾಡಿ ಹರಕು ಬೆಟ್ಟ ನೋಡುವವರ ಶೌರ್ಯ ಮಾತ್ರ ನನಗೆ ಅರ್ಥವಾಗಿಲ್ಲ.

2013ರಲ್ಲಿ ಎನ್‌ವಿಡಿಯಾ ಜಿ-ಸಿಂಕ್ ತಂದು ಕಟ್ಟಳೆಯನ್ನೇ ತಿರುಗಿಸಿತು: ಅಡುಗೆ ಆದಾಗ ಪಂಕ್ತಿ ಹೊರಡಲಿ, ಮಾನಿಟರೇ ಕಾಯಲಿ. ಒಳ್ಳೆಯ ಬುದ್ಧಿ, ಆದರೆ ಆಗ ಅದಕ್ಕೆ ಮಾನಿಟರಿನೊಳಗೆ ಅವರದೇ ಹಲಗೆ ಕೂರಬೇಕಿತ್ತು, ದುಡ್ಡು ಬೇರೆ. ಮರುವರ್ಷ ಪರದೆಗಳ ಮಾನದಂಡ ರೂಪಿಸುವ ವೆಸಾ ಸಂಸ್ಥೆ ಅದೇ ಬಗೆಯ ಸೌಕರ್ಯವನ್ನು ಡಿಸ್‌ಪ್ಲೇಪೋರ್ಟ್‌ಗೆ ಸೇರಿಸಿತು, ಎದುರಾಳಿ ಕಂಪನಿ ಎಎಂಡಿ ಅದರ ಮೇಲೆ ಫ್ರೀಸಿಂಕ್ ಕಟ್ಟಿತು. ಎನ್‌ವಿಡಿಯಾ ಬಿಗುಮಾನ ಬಿಟ್ಟು ಅಂಥ ಮಾನಿಟರುಗಳಿಗೂ ಬಾಗಿಲು ತೆರೆದದ್ದು 2019ರಲ್ಲಿ.

ಅಂಕಿಭಕ್ತರಿಗೆ ಇದ್ಯಾವುದೂ ಸಾಲದು. 60ರಿಂದ 144ಕ್ಕೆ ಹೋದರೆ ಒಂದು ಸುತ್ತಿನ ಕಾಲ 16.7ರಿಂದ 6.9 ಮಿಲಿಸೆಕೆಂಡಿಗೆ ಇಳಿಯುತ್ತದೆ, ಹತ್ತಿರಹತ್ತಿರ ಹತ್ತು ಲಾಭ. ಅದು ಕಣ್ಣಿಗೆ ಕಾಣುತ್ತದೆ, ಒಪ್ಪಿದೆ. 144ರಿಂದ 240ಕ್ಕೆ ಏರಿದರೆ ಮಿಗುವುದು ಮೂರಕ್ಕೂ ಕಡಿಮೆ. ಆ ಮೂರಕ್ಕಾಗಿ ಬೋನಸ್ಸೇ ಕರಗುತ್ತದೆ! ಹೋಗಲಿ, ಅಂಕಿ ಹೆಚ್ಚಿದಷ್ಟೂ ಆಟ ಚೆಂದವಾಗುತ್ತದೆಯೋ? 2011ರ ಸ್ಕೈರಿಮ್‌ನಲ್ಲಿ 60 ದಾಟಿಸಿ ಮನೆಯೊಳಗೆ ಹೊಕ್ಕರೆ ಮೇಜಿನ ಮೇಲಿನ ಬಟ್ಟಲು, ಎಲೆಕೋಸು ಎಲ್ಲ ದೆವ್ವ ಹೊಕ್ಕಂತೆ ಹಾರುತ್ತಿದ್ದವು. ಆಟದ ಭೌತಶಾಸ್ತ್ರವನ್ನೇ ಫ್ರೇಮಿಗೆ ಗಂಟು ಹಾಕಿದ್ದರು. ನೀಡ್ ಫಾರ್ ಸ್ಪೀಡ್ ರೈವಲ್ಸ್‌ನ 30ರ ಬೀಗ ಮುರಿದು 60 ಮಾಡಿದವರ ಕಾರು ಎರಡು ಪಟ್ಟು ವೇಗದಲ್ಲಿ ಓಡಿತು. ದುಪ್ಪಟ್ಟು ಫ್ರೇಮ್ ಕೇಳಿದ್ದರು, ಸಿಕ್ಕಿತಲ್ಲ.

ತಮಾಷೆಯೆಂದರೆ, 58 ಕಂಡು ನರಳುವ ಇದೇ ಅಳಿಯರಾಯ ಥಿಯೇಟರಿನಲ್ಲಿ ಸೆಕೆಂಡಿಗೆ 24 ಫ್ರೇಮಿನ ಸಿನಿಮಾಕ್ಕೆ ಮೂರು ಗಂಟೆ ಶಿಳ್ಳೆ ಹೊಡೆದು ಬರುತ್ತಾನೆ. ಕೇಳಿದರೆ ಉತ್ತರ ರೆಡಿ: “ಅಲ್ಲಿ ಕ್ಯಾಮೆರಾ ಚಲನೇನ ಮಸುಕಾಗಿ ಬೆಸೆದಿರತ್ತೆ ಮಾಮ. ಅಲ್ಲದೆ ಹೀರೋನ ತಿರುಗಿಸೋದು ನಾನಲ್ವಲ್ಲ.” ಎರಡೂ ನಿಜ, ಅದಕ್ಕೇ ಕೋಪ ಬರುತ್ತದೆ.

ಈಗ 144 ಹರ್ಟ್ಜ್ ಮಾನಿಟರ್ ತಂದು, ಮನೆಯವರನ್ನೆಲ್ಲ ಕೂರಿಸಿ, “ಬೆಣ್ಣೆ ಥರ ಇದೆ ನೋಡಿ” ಅಂತ ತೋರಿಸುತ್ತಿರುವವರಲ್ಲಿ ಒಂದು ವಿನಂತಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ರಿಫ್ರೆಶ್ ರೇಟ್ ಎಷ್ಟಿದೆ ಅಂತ ಒಮ್ಮೆ ನೋಡಿ. ಎಷ್ಟೋ ಸಲ ಅದು ತಾನಾಗಿ ಬದಲಾಗದೆ 60ರಲ್ಲೇ ಕೂತಿರುತ್ತದೆ. ಹಾಗಿದ್ದರೆ ಸದ್ದಿಲ್ಲದೆ 144 ಮಾಡಿಕೊಳ್ಳಿ, ಬೆಣ್ಣೆಯ ಮಾತು ಮಾತ್ರ ಇನ್ನೊಮ್ಮೆ ಎತ್ತಬೇಡಿ.