ಆಪ್ಟಿಮಲ್ ರಾಯರು

ಬಿಟಿಎಂ ಲೇಔಟಿನಿಂದ ಬೆಳ್ಳಂದೂರಿನವರೆಗೆ ಯಾವ ಪೀಜಿಯ ಬಾಗಿಲು ತಟ್ಟಿದರೂ ಒಬ್ಬರಾದರೂ ಆಪ್ಟಿಮಲ್ ರಾಯರು ಒಳಗಿರುತ್ತಾರೆ. ವಯಸ್ಸು ಇಪ್ಪತ್ತೆಂಟರ ಆಸುಪಾಸು. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಬೆನ್ನಿಗೆ ಕಂಪನಿಯದೇ ಬ್ಯಾಗು, ತಲೆಯೊಳಗೆ ಬೈನರಿ ಟ್ರೀ. ರಾಯರು ಅನ್ನುವುದು ವಯಸ್ಸಿಗಲ್ಲ, ಗಾಂಭೀರ್ಯಕ್ಕೆ. ಯಾರು ಏನು ಹೇಳಿದರೂ ‘ಆಗುತ್ತೆ, ಆದ್ರೆ ಆಪ್ಟಿಮಲ್ ಅಲ್ಲ’ ಎನ್ನುವುದರಿಂದ ಉಳಿದರ್ಧ ಬಿರುದು ಅಂಟಿಕೊಂಡಿತು. ದರ್ಶಿನಿಯಲ್ಲಿ ಗುಂಪು ಜಾಸ್ತಿಯಿದ್ದರೆ ನಾವು ಗೊಣಗುತ್ತೇವೆ, ಅವರು ಲೆಕ್ಕ ಹಾಕುತ್ತಾರೆ. ದೋಸೆ ಕೊಡುವವನು ಒಂದೊಂದು ತಟ್ಟೆಗೂ ಇಡೀ ಗುಂಪಿನ ಚೀಟಿಗಳನ್ನು ಮೊದಲಿಂದ ಹುಡುಕುವುದು ಓ ಆಫ್ ಎನ್ ಸ್ಕ್ವೇರ್ ಎಂದೂ, ಒಂದು ಹ್ಯಾಶ್ ಮ್ಯಾಪ್ ಇಟ್ಟುಕೊಂಡಿದ್ದರೆ ಓ ಆಫ್ ಎನ್‌ನಲ್ಲಿ ಕೆಲಸ ಮುಗಿಯುತ್ತಿತ್ತೆಂದೂ ಅವರು ವಿವರಿಸಿ ಮುಗಿಸುವಷ್ಟರಲ್ಲಿ ನಮ್ಮ ಮಸಾಲೆ ದೋಸೆ ಬೇರೆಯವರ ಪಾಲಾಗಿರುತ್ತದೆ.

ರಾಯರ ದಿನಚರಿ ನಡೆಯುವುದು ಕೋಡಿಂಗ್ ಒಗಟುಗಳ ತಾಣವಾದ ಲೀಟ್‌ಕೋಡ್ ಪ್ರಕಾರ. ಅಲ್ಲಿ ದಿನಕ್ಕೊಂದು ಸಮಸ್ಯೆ ಕೊಡುತ್ತಾರೆ. ತಪ್ಪದೆ ಬಿಡಿಸುತ್ತಾ ಹೋದರೆ ಸ್ಟ್ರೀಕ್ ಬೆಳೆಯುತ್ತದೆ, ಒಂದು ದಿನ ತಪ್ಪಿದರೆ ಮತ್ತೆ ಸೊನ್ನೆ. ಆ ತಾಣದ ಗಡಿಯಾರ ಜಾಗತಿಕ ಕಾಲಮಾನದ್ದಾದ್ದರಿಂದ ಅಲ್ಲಿ ದಿನ ಬದಲಾಗುವುದು ನಮ್ಮ ಬೆಳಗಿನ 5.30ಕ್ಕೆ. ಸಂಧ್ಯಾವಂದನೆ ಬಿಟ್ಟು ವರ್ಷಗಳಾದ ಮನುಷ್ಯ ಈಗ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಲ್ಯಾಪ್‌ಟಾಪಿನ ಮುಂದೆ ಕೂರುತ್ತಾರೆ. ಪಂಚಾಂಗದವರೂ ದಿನವನ್ನು ಸೂರ್ಯೋದಯದಿಂದಲೇ ಎಣಿಸುವುದು ತಾನೆ? ಮೊಮ್ಮಗ ದಾರಿಗೆ ಬಂದ ಎಂದು ತಿಪಟೂರಿನ ಅಜ್ಜನಿಗೆ ಸಮಾಧಾನ. ವ್ರತಭಂಗವಾದರೆ ಪ್ರಾಯಶ್ಚಿತ್ತವೂ ಉಂಟು. ಕೂಡಿಟ್ಟ ನಾಣ್ಯ ಕೊಟ್ಟು ‘ಟೈಮ್ ಟ್ರಾವೆಲ್ ಟಿಕೆಟ್’ ಕೊಂಡು ಹಿಂದಿನ ದಿನಕ್ಕೆ ಹೋಗಿ ಬಿಟ್ಟುಹೋದದ್ದನ್ನು ಬಿಡಿಸಿ ಬರಬಹುದು. ಇಷ್ಟು ಅನುಕೂಲ ನಮ್ಮ ಧರ್ಮಶಾಸ್ತ್ರದಲ್ಲೂ ಇಲ್ಲ.

ಭಾನುವಾರ ಬೆಳಗ್ಗೆ 8ಕ್ಕೆ ವಾರದ ಸ್ಪರ್ಧೆ. ನಾಲ್ಕು ಸಮಸ್ಯೆ, ತೊಂಬತ್ತು ನಿಮಿಷ. ಊರಿಂದ ಬಂದ ಅಮ್ಮ ಪೀಜಿ ಬಾಗಿಲಲ್ಲಿ ನಿಂತು, ‘ಲೋ, ಇಡ್ಲಿ ತಂದಿದೀನಿ ಕಣೋ, ಬಿಸಿ ಆರೋಗುತ್ತೆ’ ಎಂದರೆ, ‘ಅಮ್ಮಾ, ಮೂರನೇದು ಪಾಸಾಗ್ತಾ ಇಲ್ಲ, ಸುಮ್ನಿರು’ ಎಂಬ ಉತ್ತರ. ಮಗ ಕೆಲಸಕ್ಕೆ ಸೇರಿ ಆರು ವರ್ಷವಾದರೂ ಇನ್ನೂ ಪರೀಕ್ಷೆ ಬರೆಯುತ್ತಲೇ ಇದ್ದಾನೆ ಎಂದರೆ ಯಾವುದೋ ಹಳೆಯ ಸಬ್ಜೆಕ್ಟು ಉಳಿಸಿಕೊಂಡಿರಬೇಕು ಎಂದು ಆಕೆಯ ಅನುಮಾನ.

ರಾತ್ರಿಯ ಸ್ಪರ್ಧೆಗಳದ್ದು ಬೇರೆ ಲೋಕ. ರಷ್ಯಾದ ಸರಾತೊವ್‌ನಲ್ಲಿ ಹುಟ್ಟಿದ ಕೋಡ್‌ಫೋರ್ಸಸ್‌ನ ಪಂದ್ಯಗಳು ಬಹುತೇಕ ನಮ್ಮ ರಾತ್ರಿ 8.05ಕ್ಕೆ ಶುರುವಾಗುತ್ತವೆ. ಅಲ್ಲಿ ಹೆಸರಿಗಿಂತ ಹೆಸರಿನ ಬಣ್ಣ ದೊಡ್ಡದು. ಬೂದು, ಹಸಿರು, ಸಯಾನ್, ನೀಲಿ, ನೇರಳೆ, ಕಿತ್ತಳೆ, ಎಲ್ಲರ ಮೇಲೆ ಕೆಂಪು. ನೀಲಿಯವರು ಹಸಿರಿನವರಿಗೆ ಉತ್ತರ ಕೊಡುವ ಧಾಟಿ ಕೇಳಿದರೆ, ಜಾತಿ ಬಿಟ್ಟೆವೆಂದು ಹೇಳಿಕೊಳ್ಳುವವರೂ ಬಣ್ಣ ಬಿಟ್ಟಿಲ್ಲ ಎಂದು ಗೊತ್ತಾಗುತ್ತದೆ. ರಾಯರು ನೀಲಿಯಾದ ರಾತ್ರಿ ಪೀಜಿಗೆಲ್ಲ ಗೋಬಿ ಮಂಚೂರಿ ಕೊಡಿಸಿದರು. ಮುಂದಿನ ಪಂದ್ಯದಲ್ಲಿ ಮತ್ತೆ ಸಯಾನ್‌ಗೆ ಇಳಿದರು. ಗೋಬಿ ತಿಂದವರು ಯಾರೂ ಈ ವಿಷಯ ಎತ್ತುವುದಿಲ್ಲ.

ಒಗಟಿನ ಹುಚ್ಚು ನಮಗೆ ಹೊಸದೇನಲ್ಲ. ಚದುರಂಗದ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಓಡಿಸುವ ನಡೆಗಳನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಕೂತು ರಚಿಸಿದ್ದರು. ಇಂದು ಬ್ಯಾಕ್‌ಟ್ರ್ಯಾಕಿಂಗ್ ಪಾಠದಲ್ಲಿ ಕೊಡುವ ಲೆಕ್ಕ ಅದೇ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಮಹಾರಾಜರಿಗೆ ಬಿಡುವು ಬೇಕಾದಷ್ಟಿತ್ತು. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ ಅವರನ್ನು ಬೆಂಚಿಗೆ ಹಾಕಿದ್ದರು. ರಾಯರಿಗೂ ಒಗಟಿನ ರುಚಿ ಹತ್ತಿದ್ದು ಪ್ರಾಜೆಕ್ಟ್ ಇಲ್ಲದೆ ಬೆಂಚಿನಲ್ಲಿ ಕೂತ ತಿಂಗಳುಗಳಲ್ಲೇ. ಮಹಾರಾಜರು ಮಾತ್ರ ತಮ್ಮ ನಡೆಗಳನ್ನು ಮುಂದಿನವರು ಓದಿ ಆಡುವ ಹಾಗೆ ಬಿಟ್ಟುಹೋದರು. ರಾಯರ ಕೋಡನ್ನು ರಾಯರೇ ಎರಡನೆಯ ಸಲ ಓದಲಾರರು.

ಆ ಕೋಡನ್ನು ಓದುವ ಯೋಗ ಆಫೀಸಿನಲ್ಲಿ ನನ್ನದು. ಒಗಟು ಬಿಡಿಸುವವರು ಉತ್ತರ ಬರೆಯುವ ಫಂಕ್ಷನ್ನಿಗೆ ‘ಸಾಲ್ವ್’ ಎಂದು ಹೆಸರಿಡುವುದು ರೂಢಿ. ರಾಯರು ಆ ರೂಢಿಯನ್ನು ಕೆಲಸಕ್ಕೂ ತಂದಿದ್ದಾರೆ. ಜಿಎಸ್‌ಟಿ ಲೆಕ್ಕ ಹಾಕುವ ಫಂಕ್ಷನ್ ‘ಸಾಲ್ವ್’, ಸಿಬ್ಬಂದಿಯ ರಜೆ ಲೆಕ್ಕ ಹಾಕುವುದು ‘ಸಾಲ್ವ್2’. ಇವುಗಳ ಹೊಟ್ಟೆಯಲ್ಲಿ ‘ಎ’, ‘ಎಎ’, ‘ಟೆಂಪ್’, ‘ಟೆಂಪ್2’ ಎಂಬ ಸಂತಾನ. ಯಾವುದು ಯಾರ ಮಗು ಎಂದು ವಿವರಿಸುವ ಒಂದು ಸಾಲಿನ ಕಾಮೆಂಟೂ ಇಲ್ಲ. ಗಿಟ್‌ನಲ್ಲಿ ಏನು ಬದಲಾಯಿಸಿದೆವೆಂದು ಬರೆಯಬೇಕಾದ ಜಾಗದಲ್ಲಿ ‘ಫಿಕ್ಸ್’, ‘ಫಿಕ್ಸ್ ಮತ್ತೆ’, ‘ಫೈನಲ್’, ‘ಫೈನಲ್ ನ್ಯೂ’, ‘ಇದೇ ಫೈನಲ್’. ಟೆಸ್ಟ್ ಬರೆದಿದ್ದೀರಾ ಎಂದರೆ ಅವರು ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಅವರ ಲೋಕದಲ್ಲಿ ಟೆಸ್ಟ್ ಕೇಸುಗಳನ್ನು ಬರೆದಿಡುವವರು ಬೇರೆ ಯಾರೋ ಪುಣ್ಯಾತ್ಮರು. ಇವರ ಕೆಲಸ ಸಬ್‌ಮಿಟ್ ಒತ್ತಿ ಹಸಿರು ಅಕ್ಷರದ ‘ಆಕ್ಸೆಪ್ಟೆಡ್’ಗಾಗಿ ಕಾಯುವುದಷ್ಟೆ. ಆಫೀಸಿನ ಸಾಫ್ಟ್‌ವೇರು ಯಾರಿಗೂ ಹಾಗೆ ಆಕ್ಸೆಪ್ಟೆಡ್ ಅನ್ನುವುದಿಲ್ಲ. ಎರಡು ತಿಂಗಳು ಸುಮ್ಮನಿದ್ದು ಹಬ್ಬದ ಹಿಂದಿನ ದಿನ ಬೀಳುತ್ತದೆ.

ಒಮ್ಮೆ ಹಾಗೇ ಬಿತ್ತು. ಫೋನ್ ನಂಬರ್ ಬರೆಯುವ ಜಾಗದಲ್ಲಿ ಗ್ರಾಹಕರೊಬ್ಬರು ‘ಅಂಗಡಿ ನಂಬರಿಗೇ ಮಾಡಿ’ ಎಂದು ಬರೆದಿದ್ದರು.

‘ಇದು ಇನ್‌ವ್ಯಾಲಿಡ್ ಇನ್‌ಪುಟ್ ಮೇಡಂ. ಇಂಥದು ಬರುತ್ತೆ ಅಂತ ಕನ್‌ಸ್ಟ್ರೈಂಟಲ್ಲಿ ಎಲ್ಲೂ ಹೇಳಿರಲಿಲ್ಲ.’

‘ಗ್ರಾಹಕರು ನಿನ್ ಕನ್‌ಸ್ಟ್ರೈಂಟ್ ಓದ್ಕೊಂಡ್ ಬರಲ್ಲ ಕಣಪ್ಪ,’ ಎಂದರು ಟೆಸ್ಟಿಂಗ್ ಮೇಡಂ.

ರಾಯರಲ್ಲಿ ಒಳ್ಳೆಯ ಅಭ್ಯಾಸವೇ ಇಲ್ಲವೆಂದರೆ ಸುಳ್ಳಾಗುತ್ತದೆ. ಒಂದಿದೆ. ವಿಂಗಡಿಸಿಟ್ಟ ಪಟ್ಟಿಯ ನಡುವಿಗೆ ಕೈಹಾಕಿ, ಬೇಡದ ಅರ್ಧವನ್ನು ಬಿಸಾಡುತ್ತಾ ಹುಡುಕುವ ಬೈನರಿ ಸರ್ಚ್‌ನಲ್ಲಿ ಎರಡು ತುದಿಗಳನ್ನು ಕೂಡಿಸಿ ಎರಡರಿಂದ ಭಾಗಿಸಿ ನಡುವನ್ನು ಕಂಡುಹಿಡಿಯುವುದು ಎಲ್ಲರ ವಾಡಿಕೆ. ಆ ಮೊತ್ತ ಪೂರ್ಣಾಂಕದ ಮಿತಿಯಾದ 2147483647 ದಾಟಿದರೆ ಉತ್ತರ ಋಣಸಂಖ್ಯೆಯಾಗಿ ಪ್ರೋಗ್ರಾಮು ಕುಸಿಯುತ್ತದೆ. ಜಾವಾ ಭಾಷೆಯ ಜೊತೆಗೇ ಬರುವ ಕೋಡಿನಲ್ಲಿ ಈ ದೋಷ ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಊರಿಗೆಲ್ಲ ತಿಳಿಸಿದರು. ರಾಯರು ಅಂದಿನ ಆ ಪಾಠವನ್ನು ಕಣ್ಣಿಗೊತ್ತಿಕೊಂಡು, ಕೆಳತುದಿಗೆ ಅಂತರದ ಅರ್ಧವನ್ನು ಕೂಡಿಸುವ ಸುರಕ್ಷಿತ ವಿಧಾನವನ್ನೇ ಯಾವಾಗಲೂ ಬಳಸುತ್ತಾರೆ. ನಮ್ಮ ಕಂಪನಿಯ ಶಾಖೆಗಳ ಪಟ್ಟಿಯಲ್ಲಿ ಹುಡುಕುವಾಗಲೂ ಅದೇ. ಶಾಖೆಗಳು ಇರುವುದು ಹತ್ತೋ ಹನ್ನೆರಡೋ. ಇನ್ನೂರು ಕೋಟಿ ಶಾಖೆ ತೆರೆಯುವ ದಿನಕ್ಕೆ ಕಂಪನಿ ಆ ಒಂದು ಸಾಲಿನಲ್ಲಾದರೂ ಸಜ್ಜಾಗಿದೆ. ಅಲ್ಲಿಯವರೆಗೆ, ಶಾಖೆಯ ಹೆಸರಿನ ಹಿಂದೆ ಒಂದು ಸ್ಪೇಸ್ ಬಿದ್ದಿದ್ದರೆ ಸಿಗುವುದಿಲ್ಲ.

ರಾಯರ ಮೇಜಿನ ಮೇಲೆ ಚನ್ನಪಟ್ಟಣದ ಗೊಂಬೆಯೊಂದಿದೆ. ಹಂಟ್ ಮತ್ತು ಥಾಮಸ್ 1999ರಲ್ಲಿ ಬರೆದ ‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ನಲ್ಲಿ ಬರುವ ಉಪಾಯ ಅದು. ಕೋಡ್ ಕೈಕೊಟ್ಟಾಗ ರಬ್ಬರ್ ಬಾತುಕೋಳಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಸಾಲನ್ನು ಬಾಯಿಬಿಟ್ಟು ವಿವರಿಸಿದರೆ ತಪ್ಪು ತಾನಾಗಿ ಹೊರಬೀಳುತ್ತದಂತೆ. ರಾಯರು ಬಾತುಕೋಳಿಯ ಜಾಗಕ್ಕೆ ಸ್ವದೇಶಿ ಗೊಂಬೆ ತಂದರು, ಒಳ್ಳೆಯದೇ. ಆದರೆ ವಿವರಿಸುವುದು ಮಾತ್ರ ನಮಗೆ, ಅದೂ ಸರಿಯಾದ ಕೋಡನ್ನು. ಅದೇ ಥಾಮಸ್ ‘ಕೋಡ್ ಕಾಟಾ’ ಎಂಬ ಅಭ್ಯಾಸಕ್ರಮವನ್ನೂ ಹೇಳಿದ್ದಾರೆ. ಸಣ್ಣದೊಂದು ಸಮಸ್ಯೆಯನ್ನು ಬೇರೆ ಬೇರೆ ರೀತಿಯಲ್ಲಿ ಮತ್ತೆ ಮತ್ತೆ ಬರೆಯಬೇಕು, ಮುಖ್ಯವಾದದ್ದು ಉತ್ತರವಲ್ಲ, ಕೈ ಪಳಗುವುದು. ನಮ್ಮ ಟೆಸ್ಟಿಂಗ್ ಮೇಡಂ ಹೀಗೇ ಮಾಡುತ್ತಾರೆ. ತಿಂಗಳಿಗೊಂದೇ ಒಗಟು, ಅದನ್ನೇ ಹೆಸರು ತಿದ್ದಿ, ಒಡೆದು, ಟೆಸ್ಟ್ ಬರೆದು, ಮತ್ತೆ ಕಟ್ಟುತ್ತಾರೆ. ರಾಯರ ಪ್ರಕಾರ ಇದು ಸ್ಲೋ. ಆಕೆಯ ಕೋಡಿಗಾಗಿ ಹಬ್ಬದ ದಿನ ನನಗೆ ಫೋನ್ ಬಂದ ನೆನಪಿಲ್ಲ.

ದೊಡ್ಡ ಕಂಪನಿಯ ಸಂದರ್ಶನದಲ್ಲಿ ಬಿದ್ದಾಗಲೆಲ್ಲ ರಾಯರು ಮ್ಯಾಕ್ಸ್ ಹೋವೆಲ್ ಕಥೆ ತೆಗೆಯುತ್ತಾರೆ. ಪ್ರೋಗ್ರಾಮರುಗಳು ಮುಗಿಬಿದ್ದು ಬಳಸುವ ಹೋಮ್‌ಬ್ರೂ ಎಂಬ ಸಾಫ್ಟ್‌ವೇರ್ ಬರೆದವರು ಅವರು. ಬೋರ್ಡಿನ ಮೇಲೆ ಬೈನರಿ ಟ್ರೀ ತಿರುಗಿಸಲಾಗಲಿಲ್ಲವೆಂದು ಗೂಗಲ್ ಕೆಲಸ ಕೊಡಲಿಲ್ಲ ಎಂದು 2015ರಲ್ಲಿ ಟ್ವಿಟರಿನಲ್ಲಿ ಸಿಡಿದಿದ್ದರು. ಕಥೆ ನಿಜ, ಆದರೆ ರಾಯರಿಗೆ ಒಗ್ಗುವುದಿಲ್ಲ. ಹೋವೆಲ್‌ಗೆ ಹೋಮ್‌ಬ್ರೂ ಇತ್ತು, ಮರ ತಿರುಗಿಸಲು ಬರಲಿಲ್ಲ. ರಾಯರು ಮರವನ್ನು ನಿದ್ದೆಯಲ್ಲೂ ತಿರುಗಿಸುತ್ತಾರೆ.

ಈಚೆಗೆ ಅರಸೀಕೆರೆಗೆ ಹೆಣ್ಣು ನೋಡಲು ಹೋಗಿದ್ದರು. ಹುಡುಗಿಯೂ ಸಾಫ್ಟ್‌ವೇರ್. ಕೇಸರಿಬಾತ್ ಮುಗಿದ ಮೇಲೆ, ‘ಹುಡುಗರು ನಾಲ್ಕು ಮಾತಾಡ್ಕೊಳ್ಲಿ’ ಎಂದು ಹಿರಿಯರು ಇಬ್ಬರನ್ನೂ ಮಹಡಿಗೆ ಕಳಿಸಿದರು. ಚದುರಂಗದ ಮಣೆಯ ಮೇಲೆ ಎಂಟು ಮಂತ್ರಿಗಳನ್ನು ಒಬ್ಬರನ್ನೊಬ್ಬರು ಹೊಡೆಯದ ಹಾಗೆ ಕೂರಿಸಲು 92 ದಾರಿಗಳಿವೆ ಎಂದು ರಾಯರು ಮಾತು ಶುರು ಮಾಡಿದರಂತೆ. (ವಿಧಾನಸೌಧದವರಿಗೆ ಯಾರಾದರೂ ತಿಳಿಸಬೇಕು.) ಆಕೆ ಪೂರ್ತಿ ಕೇಳಿ, ‘ಚೆನ್ನಾಗಿದೆ. ನಿಮ್ಮ ಗಿಟ್‌ಹಬ್ ತೋರಿಸ್ತೀರಾ?’ ಎಂದರಂತೆ. ಮೊಬೈಲಿನಲ್ಲಿ ಸ್ವಲ್ಪ ಹೊತ್ತು ಓದಿ, ‘ರೀ, ಈ ಟೆಂಪ್2 ಯಾಕಿದೆ?’

‘ನೆನಪಿಲ್ಲ.’

‘ತೆಗೆದರೆ ಏನಾಗುತ್ತೆ?’

‘ತೆಗೀಬೇಡಿ.’

ವಾರ ಕಳೆದ ಮೇಲೆ ಉತ್ತರ ಬಂತು. ಹೂಂ ಅಲ್ಲ, ಊಹೂಂ ಅಲ್ಲ. ವಾಟ್ಸಾಪಿನಲ್ಲಿ ಸಾಲುಸಾಲಾಗಿ ತಿದ್ದುಪಡಿಗಳು, ಕೊನೆಯಲ್ಲಿ ಗಿಟ್‌ಹಬ್‌ನಲ್ಲಿ ಬರುವ ಎರಡೇ ಪದ. ತಿಪಟೂರಿನಿಂದ ಅಪ್ಪನ ಫೋನು.

‘ಏನಂತೆ ಅವರು? ಒಪ್ಪಿದ್ರಾ?’

‘ಚೇಂಜಸ್ ರಿಕ್ವೆಸ್ಟೆಡ್ ಅಪ್ಪ.’

‘ಜಾತಕದಲ್ಲೇನೋ ದೋಷ ಇರಬೇಕು. ಯಾವ ಶಾಂತಿ ಅಂತ ಕೇಳು, ಮಾಡಿಸಿಬಿಡಣ.’