ಚಾಡಿ ಹೇಳದ ಚೀಟಿ

ವಿಮಾನ ಬಿದ್ದಾಗಲೆಲ್ಲ ಟಿವಿಯವರು ಬ್ಲ್ಯಾಕ್ ಬಾಕ್ಸ್ ಹಿಂದೆ ಓಡುತ್ತಾರೆ. ನಾವು ಹಿಡಿದದ್ದು ಕಂಟ್ರೋಲ್ ಟವರಿನ ಮೇಜಿನ ಮೇಲಿರುವ ಫ್ಲೈಟ್ ಸ್ಟ್ರಿಪ್ ಎಂಬ ಚೀಟಿಯನ್ನು. ಒಂದಿಂಚು ಅಗಲ, ಗೇಣುದ್ದ. ಪ್ಲಾಸ್ಟಿಕ್ ಪಟ್ಟಿಯೊಳಗೆ ಕೂತು, ಮೈತುಂಬ ಅಂಕಿ ಅಕ್ಷರ ಗೀಚಿಸಿಕೊಂಡು, ಹೆಡ್ ಗುಮಾಸ್ತರ ಗತ್ತಿನಲ್ಲೇ ಮಾತಿಗಿಳಿಯಿತು.

ತಮ್ಮ ಕೆಲಸ?

ಒಂದು ವಿಮಾನಕ್ಕೆ ಒಂದು ಚೀಟಿ. ಕಾಲ್‌ಸೈನ್, ವಿಮಾನದ ಜಾತಿ, ಹೋಗೋ ಊರು, ಏರೋ ಎತ್ತರ, ಎಲ್ಲಾ ನನ್ನ ಮೈಮೇಲೆ. ವಿಮಾನ ಒಬ್ಬ ಕಂಟ್ರೋಲರ್ ಕೈಯಿಂದ ಇನ್ನೊಬ್ಬರ ಕೈಗೆ ಹೋದ್ರೆ ನಾನೂ ಹೋಗ್ಬೇಕು. ತಾಲ್ಲೂಕು ಕಚೇರೀಲಿ ಫೈಲ್ ಮೂವ್ ಆಗುತ್ತಲ್ಲ, ಹಾಗೆ. ಅಲ್ಲಿ ಮೂರು ತಿಂಗಳು ಒಂದೇ ಟೇಬಲ್ಲಲ್ಲಿ ಕೂತ್ರೂ ನಡೆಯುತ್ತೆ.

ಇಲ್ಲಿ ಕೂತರೆ?

1991ರ ಫೆಬ್ರವರಿ 1, ಲಾಸ್ ಏಂಜಲೀಸ್, ಸಂಜೆ ಆರು ದಾಟಿತ್ತು. ಕಂಟ್ರೋಲರಮ್ಮ ಸ್ಕೈವೆಸ್ಟಿನ ಪುಟ್ಟ ಮೆಟ್ರೋಲೈನರ್ ವಿಮಾನಕ್ಕೆ ರನ್‌ವೇ ಮಧ್ಯದ ಒಂದು ಕೂಡುದಾರೀಲಿ ಬಂದು ನಿಲ್ಲು ಅಂದ್ರು. ಅಷ್ಟರಲ್ಲಿ ಇನ್ನೊಂದು ವಿಮಾನ ಅವರ ಫ್ರೀಕ್ವೆನ್ಸಿ ಬಿಟ್ಟು ಹೋಗಿತ್ತು. ಕೂಗಿದ್ರೆ ಉತ್ತರ ಇಲ್ಲ. ಮತ್ತೊಂದು, ಅದೂ ಮೆಟ್ರೋಲೈನರ್ರೇ, ಟೇಕಾಫ್‌ಗೆ ರೆಡಿ ಅಂತು. ಅದರ ಚೀಟಿ ಮೇಜಿನ ಮೇಲಿಲ್ಲ! ನಮ್ಮವನೊಬ್ಬ, ಹೊರಡೋ ಮುನ್ನ ಮಾರ್ಗದ ಅನುಮತಿ ಕೊಡೋ ಕ್ಲಿಯರೆನ್ಸ್ ಡೆಲಿವರಿ ಟೇಬಲ್ಲಲ್ಲೇ ಕೂತುಬಿಟ್ಟಿದ್ದ. ಅವನನ್ನ ಹುಡುಕೋ ಗಡಿಬಿಡೀಲಿ, ಟ್ಯಾಕ್ಸಿವೇ ಮೇಲಿದ್ದ ಈ ಮೆಟ್ರೋಲೈನರನ್ನೇ ಆ ಸ್ಕೈವೆಸ್ಟ್ ಅಂದ್ಕೊಂಡ್ರು ಆಕೆ. ಸ್ಕೈವೆಸ್ಟ್ ಮಾತ್ರ ಸುಮಾರು ಎರಡು ನಿಮಿಷದಿಂದ ರನ್‌ವೇ ಮೇಲೆ ನಿಂತೇ ಇತ್ತು. ಇಳಿಯಲು ಅನುಮತಿ ಪಡೆದಿದ್ದ ಯುಎಸ್ ಏರ್‌ನ ಬೋಯಿಂಗ್ 737 ಅದರ ಮೇಲೇ ಇಳೀತು. 35 ಜನ ಹೋದ್ರು.

ಅಲ್ಲಿಗೆ ಮಾನವ ದೋಷ. ಫೈಲ್ ಕ್ಲೋಸ್.

ಕ್ಲೋಸ್ ಮಾಡೋಕೆ ನಿಮಗೆಷ್ಟು ಅವಸರ! ನೆಲದ ಮೇಲಿನ ವಿಮಾನ ತೋರಿಸೋ ರಡಾರ್ ಆವತ್ತು ಕೆಟ್ಟು ಕೂತಿತ್ತು. ಚೀಟಿ ಗ್ರೌಂಡ್ ಕಂಟ್ರೋಲರ್ ಕೈ ದಾಟಿ ಬಂದಿದ್ರೆ, ಆ ವಿಮಾನ ಎಲ್ಲಿಂದ ರನ್‌ವೇಗೆ ಬರುತ್ತೆ ಅಂತ ಇನ್ನೊಂದು ಜೊತೆ ಕಣ್ಣು ನೋಡಿರುತ್ತಿತ್ತು. ಆ ಟವರಿನಲ್ಲಿ ನಮ್ಮನ್ನ ಗ್ರೌಂಡ್ ಕಂಟ್ರೋಲರ್ ಟೇಬಲ್ಲಿಗೆ ಕಳಿಸೋ ಪದ್ಧತಿಯೇ ಇರಲಿಲ್ಲ. ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಏನಂತು ಗೊತ್ತಾ? ಒಬ್ಬರು ಎಡವಿದ್ರೆ ಇನ್ನೊಬ್ಬರು ಹಿಡಿಯೋ ವ್ಯವಸ್ಥೆಯನ್ನ ಟವರಿನ ಆಡಳಿತ ಇಟ್ಟಿರಲಿಲ್ಲ, ಮೇಲಿನ ಇಲಾಖೆ ಸರಿಯಾಗಿ ವಿಚಾರಿಸಲಿಲ್ಲ ಅಂತು. ಆಕೆಯ ತಪ್ಪು ಬಂದದ್ದು ಆಮೇಲಿನ ಸಾಲಲ್ಲಿ. ಆದ್ರೆ ನೀವು ಪೇಪರಿನವರು ಓದೋದು ಆ ಸಾಲನ್ನೇ.

ನಮ್ಮ ಕಡೆ ಇಂಥದ್ದೇನೂ ಇಲ್ಲ ಬಿಡಿ.

(ಪಟ್ಟಿಯೊಳಗೇ ಮಿಸುಕಾಡಿ) 2022ರ ಜನವರಿ 7, ಬೆಂಗಳೂರು. ಉತ್ತರದ ರನ್‌ವೇಯಿಂದ ವಿಮಾನ ಹೊರಡ್ತಿದ್ವು, ದಕ್ಷಿಣದ್ದರಲ್ಲಿ ಇಳೀತಿದ್ವು. ಶಿಫ್ಟ್ ಇನ್‌ಚಾರ್ಜ್ ದಕ್ಷಿಣದ್ದನ್ನ ನಿಲ್ಲಿಸಿ ಒಂದೇ ಸಾಕು ಅಂತ ತೀರ್ಮಾನಿಸಿದ್ರು. ಸರಿ. ದಕ್ಷಿಣದ ಟವರಿನವರಿಗೆ ಮಾತ್ರ ಅದು ಗೊತ್ತೇ ಇಲ್ಲ. ಒಂದು ರನ್‌ವೇಯಿಂದ ಕೋಲ್ಕತ್ತಾ, ಇನ್ನೊಂದರಿಂದ ಭುವನೇಶ್ವರ, ಇಂಡಿಗೋದ ಎರಡೂ ಒಟ್ಟಿಗೇ ಎದ್ದು ಒಂದೇ ದಿಕ್ಕಿಗೆ ಹೊರಟವು. ಒಳಗೆ ಒಟ್ಟು 426 ಜನ. ಅಪ್ರೋಚ್ ರಡಾರ್ ಮುಂದೆ ಕೂತಿದ್ದ ಕಂಟ್ರೋಲರ್ ಕಂಡು, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ರು. ಅವರೂ ಮಾನವರೇ ಸ್ವಾಮಿ.

ಆಮೇಲೆ?

ಲಾಗ್‌ಬುಕ್ಕಿಗೆ ಆ ವಿಷಯ ಹತ್ತಲೇ ಇಲ್ಲ ಅಂತ ವರದಿಯಾಯ್ತು. ಅವನು ನಮ್ಮ ದೊಡ್ಡಪ್ಪನ ಮಗ, ಮರ್ಯಾದಸ್ಥ. ಮನೆ ವಿಷಯ ಬೀದಿಗೆ ತರೋನಲ್ಲ.

ಇಷ್ಟೆಲ್ಲ ರಗಳೆ ಯಾಕೆ? ಯಂತ್ರಕ್ಕೇ ವಹಿಸಿಬಿಟ್ಟರೆ?

ವಹಿಸಿದ್ರಲ್ಲ, ಬ್ರಿಟನ್ನಿನಲ್ಲಿ! 2023ರ ಆಗಸ್ಟ್ 28, ರಜಾ ದಿನ. ಲಾಸ್ ಏಂಜಲೀಸಿಂದ ಬ್ರಿಟನ್ ಆಕಾಶ ಹಾದು ಪ್ಯಾರಿಸ್‌ಗೆ ಹೋಗೋ ವಿಮಾನದ ಫ್ಲೈಟ್ ಪ್ಲಾನ್ ಅಲ್ಲಿನ ಕಂಪ್ಯೂಟರಿಗೆ ಬಂತು. ಅದರಲ್ಲಿ ಡಿವಿಎಲ್ ಅನ್ನೋ ಹೆಸರು ಎರಡು ಕಡೆ. ಒಂದು ಅಮೆರಿಕದ ಡೆವಿಲ್ಸ್ ಲೇಕ್, ಇನ್ನೊಂದು ಫ್ರಾನ್ಸಿನ ದೋವಿಲ್. ನಡುವೆ ನಾಲ್ಕು ಸಾವಿರ ನಾಟಿಕಲ್ ಮೈಲಿ. ನಮ್ಮೂರ ಪೋಸ್ಟ್‌ಮ್ಯಾನ್ ಆಗಿದ್ರೆ ಯಾವ ರಾಮಪುರ ಅಂತ ಒಂದು ಮಾತು ಕೇಳ್ತಿದ್ದ. ಕಂಪ್ಯೂಟರ್ ಗಾಬರಿಯಾಗಿ ಬಾಗಿಲು ಹಾಕ್ಕೊಂಡು ಕೂತ್ಕೊಂತು. ಬ್ಯಾಕಪ್ ಎದ್ದು ಬಂದು, ಅದೇ ಪ್ಲಾನ್ ಓದಿ, ಅದೇ ಪಾಠ ಒಪ್ಪಿಸಿ, ತಾನೂ ಕೂತ್ಕೊಂತು. ಇಪ್ಪತ್ತು ಸೆಕೆಂಡಲ್ಲಿ ಎರಡೂ ಮುಗಿದ್ವು. ಏಳು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಪರದಾಡಿದ್ರು.

ಎಂಜಿನಿಯರ್ ಇರಲಿಲ್ಲವೇ?

ಇದ್ರು, ಮನೇಲಿ. ಅಲ್ಲಿಂದಲೇ ರಿಪೇರಿ ಮಾಡೋಣ ಅಂದ್ರೆ ಸಿಸ್ಟಂ ಅವರ ಪಾಸ್‌ವರ್ಡ್ ಒಪ್ಪಲಿಲ್ಲ. ಆಮೇಲೆ ಆಫೀಸಿಗೆ ಬಂದು ಮುಟ್ಟೋಕೇ ಒಂದೂವರೆ ಗಂಟೆ ಹಿಡೀತು.

ಅಲ್ಲಿಯವರೆಗೆ ಫ್ಲೈಟ್ ಪ್ಲಾನ್ ನೋಡಿಕೊಂಡವರು ಯಾರು?

ಸಿಬ್ಬಂದಿ. ಒಂದೊಂದನ್ನೂ ಕೈಯಲ್ಲೇ ಟೈಪ್ ಮಾಡಿದ್ರು. ಅದನ್ನ ನಿಮ್ಮ ಪೇಪರಲ್ಲಿ ಯಾವ ಪುಟಕ್ಕೆ ಹಾಕಿದ್ರಿ?