ಟಾರ್ಚಿನ ಸ್ಥಾನನಿರ್ಣಯ ಹಾಗೂ ಇತರ ಆಪತ್ಪ್ರಕರಣಗಳು: ಒಂದು ವಿದ್ವತ್ಪೂರ್ಣ ಜಿಜ್ಞಾಸೆ

ಪೀಠಿಕೆ

ವಿಪತ್ತು ನಿರ್ವಹಣೆಗೆಂದು ಸಂಸತ್ತು 2005ರಲ್ಲಿ ಒಂದು ಕಾಯ್ದೆಯನ್ನೇ ಮಾಡಿತು. ಅದರಂತೆ ದೇಶಕ್ಕೊಂದು, ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ ಬಂತು. ಮನೆಗೊಂದು ಪ್ರಾಧಿಕಾರ ಬರಲಿಲ್ಲ. ಈ ಶೂನ್ಯವನ್ನು ನಮ್ಮ ಗೃಹಸ್ಥರು ಚರ್ಚೆಯಿಂದ ತುಂಬಿಕೊಂಡ ಬಗೆಯೇ ಪ್ರಸ್ತುತ ಪ್ರಬಂಧದ ವಸ್ತು.

ಪ್ರಕರಣ ಒಂದು: ಕತ್ತಲು

ಕರೆಂಟು ಹೋದ ಗಳಿಗೆಯಲ್ಲಿ ಟಾರ್ಚು ಎಲ್ಲಿರುತ್ತದೆ? ವಿದ್ವಾಂಸರಲ್ಲಿ ಮೂರು ಪಂಥಗಳಿವೆ. ‘ಫ್ರಿಜ್ಜಿನ ಮೇಲೆ’ ಎನ್ನುವವರು ಸ್ಥಾನವಾದಿಗಳು. ‘ನಿನ್ನೆ ತಾನೇ ನೋಡಿದ್ನಲ್ಲ’ ಎನ್ನುವವರು ಸ್ಮೃತಿವಾದಿಗಳು. ‘ನಿಮ್ಮ ಮಗನನ್ನೇ ಕೇಳಿ’ ಎನ್ನುವವರು ಆರೋಪವಾದಿಗಳು. ಟಾರ್ಚು ಹುಡುಕಲು ಟಾರ್ಚು ಬೇಕು ಎಂಬಲ್ಲಿ ಮಾತ್ರ ಮೂವರಿಗೂ ಒಮ್ಮತ. ಕೊನೆಗೆ ಅದು ಸಿಕ್ಕಿದಾಗ ಒಳಗಿನ ಸೆಲ್ಲುಗಳು ಬಿಳಿ ಪುಡಿ ಕಾರಿಕೊಂಡು ಸ್ಪ್ರಿಂಗಿಗೆ ಕಚ್ಚಿಕೊಂಡಿರುತ್ತವೆ. ಒಳ್ಳೆಯ ಸೆಲ್ಲುಗಳನ್ನು ಕ್ರಿಕೆಟ್ ಫೈನಲ್ಲಿನ ದಿನವೇ ಟಿ.ವಿ. ರಿಮೋಟಿಗೆ ವರ್ಗಾಯಿಸಲಾಗಿತ್ತು.

ಆಕ್ಷೇಪ: ಮೊಬೈಲಿನಲ್ಲೇ ಟಾರ್ಚಿದೆಯಲ್ಲ?
ಸಮಾಧಾನ: ಇದೆ. ಅದರಲ್ಲಿ ಶೇಕಡಾ 4ರಷ್ಟು ಚಾರ್ಜೂ ಇದೆ.

ಪ್ರಕರಣ ಎರಡು: ಅನಿಲ

ಎಲ್‌ಪಿಜಿಗೆ ಸ್ವಂತ ವಾಸನೆಯಿಲ್ಲ. ಸೋರಿದರೆ ಗೊತ್ತಾಗಲೆಂದು ಮರ್ಕ್ಯಾಪ್ಟನ್ ಎಂಬ ದುರ್ನಾತದ ರಾಸಾಯನಿಕವನ್ನು ಬೆರೆಸುತ್ತಾರೆ. ಆ ನಾತ ಬಂದಾಗ ನಮ್ಮಲ್ಲಿ ನಡೆಯುವ ಷೋಡಶೋಪಚಾರದ ಮೊದಲ ಮೂರು ವಿಧಿಗಳಿವು: ‘ಏನೋ ವಾಸನೆ ಬರ್ತಿದೆ, ಬನ್ನಿ ಇಲ್ಲಿ’ ಎಂದು ಮನೆಮಂದಿಯನ್ನೆಲ್ಲ ಅಡುಗೆಮನೆಗೆ ಕರೆದು ಮೂಸಿಸುವುದು, ಸರಿಯಾಗಿ ಕಾಣಲೆಂದು ಲೈಟು ಹಾಕುವುದು, ವಾಸನೆ ಹೋಗಲೆಂದು ಎಕ್ಸಾಸ್ಟ್ ಫ್ಯಾನ್ ಹಾಕುವುದು. ಗಾಳಿಗಿಂತ ಭಾರವಾದ ಈ ಅನಿಲ ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ, ಸ್ವಿಚ್ಚಿನ ಒಂದು ಕಿಡಿ ಅದಕ್ಕೆ ಸಾಕು ಎಂಬ ಭೌತಶಾಸ್ತ್ರಕ್ಕೆ ಈ ಪರಂಪರೆ ಇನ್ನೂ ಮನ್ನಣೆ ಕೊಟ್ಟಿಲ್ಲ. ಉಳಿದ ಹದಿಮೂರು ವಿಧಿಗಳನ್ನು ಪೂರೈಸಿದವರು ಸಂದರ್ಶನಕ್ಕೆ ಸಿಗಲಿಲ್ಲ.

ನವ್ಯರ ಮತ ಬೇರೆ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕಂತೆ. ಇದರಲ್ಲಿ ವಾದಕ್ಕೆ ಎಡೆಯೇ ಇಲ್ಲದಿರುವುದರಿಂದ ಮತ ಪ್ರಚಾರಕ್ಕೆ ಬಂದಿಲ್ಲ.

ಇಲ್ಲೊಂದು ಶಾಸನಶೋಧನೆಯ ಮಾತು. ಹಲ್ಮಿಡಿ ಶಾಸನವನ್ನು ಓದಿ ಅರ್ಥ ಹೇಳಿದ ನಾಡು ನಮ್ಮದು. ಆದರೆ ಅಡುಗೆಮನೆಯ ಸಿಲಿಂಡರಿನ ಕೊರಳಿನ ಪಟ್ಟಿಯಲ್ಲಿ ಬರೆದದ್ದನ್ನು ಓದುವವರಿಲ್ಲ. ‘ಬಿ-27’ ಎಂದಿದ್ದರೆ 2027ರ ಎರಡನೆಯ ತ್ರೈಮಾಸಿಕ, ಅಂದರೆ ಜೂನ್ ಮುಗಿಯುವುದರೊಳಗೆ ಆ ಸಿಲಿಂಡರಿನ ಮರುಪರೀಕ್ಷೆ ಆಗಬೇಕು. ಗಡುವು ದಾಟಿದ್ದನ್ನು ತಂದರೆ ವಾಪಸ್ ಕಳಿಸಿ. ಸಾಮಾನ್ಯ ಗೃಹಸ್ಥನ ಸಂಶೋಧನೆ ‘ತುಂಬಿದೆಯಾ?’ ಎಂದು ಅಲ್ಲಾಡಿಸಿ ನೋಡುವಲ್ಲಿಗೆ ಮುಗಿಯುತ್ತದೆ.

ಪ್ರಕರಣ ಮೂರು: ಔಷಧ

ಬಿಸ್ಕತ್ತಿನ ಹಳೆಯ ಡಬ್ಬಿಯೇ ಪ್ರಥಮ ಚಿಕಿತ್ಸಾ ಪೆಟ್ಟಿಗೆ. ಉತ್ಖನನದಲ್ಲಿ ದೊರೆತವು: ತಳದಲ್ಲಿ ಗಟ್ಟಿಯಾದ ಕೆಮ್ಮಿನ ಸಿರಪ್, ಹೆಸರಿರುವ ಭಾಗವನ್ನೇ ಕತ್ತರಿಸಿದ ಮಾತ್ರೆಯ ಪಟ್ಟಿ, ರಬ್ಬರ್ ಬ್ಯಾಂಡು, ಒಂದು ಸೇಫ್ಟಿ ಪಿನ್ನು. ಕೈ ಸುಟ್ಟರೆ ಟೂತ್‌ಪೇಸ್ಟ್ ಪಂಥ, ಶಾಯಿ ಪಂಥ, ತುಪ್ಪದ ಪಂಥಗಳ ನಡುವೆ ವಾಗ್ವಾದ ಏಳುತ್ತದೆ. ನಲ್ಲಿಯ ತಣ್ಣೀರಿನ ಕೆಳಗೆ ಸುಮಾರು 20 ನಿಮಿಷ ಕೈಯೊಡ್ಡಿ ಎನ್ನುವ ವೈದ್ಯರದು ಅಲ್ಪಸಂಖ್ಯಾತ ಮತ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ಮಾತ್ರ ನೀರಿನ ಪಂಥಕ್ಕೆ ಎಲ್ಲರೂ ಸೇರಿಬಿಡುತ್ತಾರೆ. ಅಲ್ಲಿ ಬೇಕಾದದ್ದು ಒಲೆ ಆರಿಸಿ ಮೇಲೊಂದು ಮುಚ್ಚಳ ಮುಚ್ಚುವುದು.

ಸಿದ್ಧಾಂತ

ಮೂರೂ ಪ್ರಕರಣಗಳಿಂದ ತಿಳಿಯುವುದಿಷ್ಟು: ಮನೆಯ ಆಪತ್ಕಾಲದ ಜ್ಞಾನವೆಲ್ಲ ಒಬ್ಬರ ತಲೆಯಲ್ಲಿದೆ, ಅವರು ತವರಿಗೆ ಹೋದ ವಾರವೇ ಅದರ ಅಗತ್ಯ ಬೀಳುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನವರ, ಹೂವಿನವರ ನಂಬರಿವೆ. ತುರ್ತಿನ 112, ಆಂಬುಲೆನ್ಸಿನ 108 ಇಲ್ಲ. ಆದ್ದರಿಂದ ಓದುಗರು ಈ ಪ್ರಬಂಧದ ಮೇಲೆ ವಿಚಾರ ಸಂಕಿರಣ ಏರ್ಪಡಿಸುವುದು ಬೇಡ. ಇವತ್ತೇ ಆ ನಂಬರುಗಳನ್ನು ದೊಡ್ಡದಾಗಿ ಬರೆದು ಅಂಟಿಸಿ. ರೆಗ್ಯುಲೇಟರ್ ಯಾವ ಕಡೆ ತಿರುಗಿಸಿದರೆ ಬಂದ್ ಆಗುತ್ತದೆಂದು ಮನೆಯವರಿಗೆಲ್ಲ ತೋರಿಸಿ. ಕಾಫಿ ಕೇಳುವುದಕ್ಕಷ್ಟೇ ಅಡುಗೆಮನೆಗೆ ಬರುವ ಯಜಮಾನರಿಗೆ ಎರಡು ಸಲ ತೋರಿಸಿ.